ತೊಳೆದ ದ್ರಾಕ್ಷಿ

ಊರಿನವರು ಅವಳಿಗೆ ಸುಮ್ನಿರಕ್ಕ ಎಂದು ಹೆಸರಿಟ್ಟಿದ್ದರು. ದ್ರಾಕ್ಷಿ ಬಳ್ಳಿಗೆ ಔಷಧಿ ಹೊಡೆಯಬಾರದೇ ಎಂದರೆ "ಸುಮ್ನಿರಿ". ವೈನು ಕೆಡದಂತೆ ಒಂದು ಚಿಟಿಕೆ ಗಂಧಕ ಹಾಕಬಾರದೇ ಎಂದರೆ "ಸುಮ್ನಿರಿ, ಅದಕ್ಕೆ ಗೊತ್ತಿದೆ". ಹಣ್ಣನ್ನು ತುಳಿದು ತೊಟ್ಟಿಗೆ ತುಂಬಿದರೆ ಮುಗಿಯಿತು. ಸಿಪ್ಪೆಯ ಮೇಲಿನ ಬೂದಿಯಂಥ ಬಿಳಿ ಪುಡಿಯಿಂದಲೇ ರಸಕ್ಕೆ ಹುದುಗು ಬಂದು ಉಕ್ಕುತ್ತದೆ ಎಂಬುದು ಅವಳ ವಾದ. ಹಾಗಂತ ಅವಳೇ ಸುಮ್ಮನಿರುವ ಪೈಕಿ ಎಂದು ಯಾರೂ ತಿಳಿಯಬಾರದು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಅದರ ಬಹುಪಾಲು ಗಂಡನಿಗೇ ಮೀಸಲು.

ಗಂಡ ಆಸ್ಪತ್ರೆಯಲ್ಲಿ ಕತ್ತರಿ, ಚಿಮಟ ತೊಳೆದು ಕುದಿಸಿಡುವ ಕೆಲಸ ಮಾಡಿ ನಿವೃತ್ತನಾದವನು. ಅವನನ್ನು ತೊಟ್ಟಿಯಿದ್ದ ನೆಲಮಾಳಿಗೆಯ ಮೆಟ್ಟಿಲಿಳಿಯಲು ಅವಳು ಎಂದೂ ಬಿಟ್ಟವಳಲ್ಲ. ಈ ಸಲದ ಕೊಯ್ಲು ಮುಗಿದ ಮೇಲೆ, "ಕೂತು ತಿನ್ನೋದೊಂದು ಗೊತ್ತು" ಎಂದು ಅವನಿಗೆ ಮಂಗಳಾರತಿ ಎತ್ತಿ, ಪೀಪಾಯಿಯ ಪಟ್ಟಿ ಬಿಗಿ ಮಾಡಿಸಲು ಬಡಗಿಯ ಹತ್ತಿರ ಹೋದಳು. ಸಂಜೆ ಬಂದು ನೋಡಿದರೆ ಹಣ್ಣೆಲ್ಲ ತುಳಿದು ತೊಟ್ಟಿ ತುಂಬಿಸಿಯಾಗಿತ್ತು. ಗಂಡ ಪ್ಯಾಂಟು ಮಡಿಚಿಕೊಂಡು ನಗುತ್ತ ನಿಂತಿದ್ದ. ಅವಳು ಶಹಬ್ಬಾಸ್ ಎನ್ನಲಿಲ್ಲ, ಬಯ್ಯಲೂ ಇಲ್ಲ. ಅವನಿಗೆ ಅಷ್ಟೇ ಸಾಕಾಗಿತ್ತು.

ವಾರ ಕಳೆಯಿತು. ಕಿವಿಯಿಟ್ಟು ಕೇಳಿದರೆ ಗುಳುಗುಳು ಎನ್ನಬೇಕಾದ ತೊಟ್ಟಿ ಸತ್ತಂತೆ ಬಿದ್ದಿತ್ತು. ಅಂಚಿನಲ್ಲಿ ಬೂಷ್ಟು ಹಿಡಿಯಲು ಶುರುವಾಗಿತ್ತು. ಇದ್ದದ್ದು ಅದೊಂದೇ ತೊಟ್ಟಿ. ಅದು ಕೆಟ್ಟರೆ ವರ್ಷದ ದುಡಿಮೆಯೆಲ್ಲ ಮೋರಿಗೆ.

"ರೀ, ಅವತ್ತು ಏನು ಮಾಡಿದ್ರಿ?"

"ಏನಿಲ್ಲ ಕಣೇ. ಹಣ್ಣಿನ ಮೇಲೆ ಬಿಳೀ ಧೂಳಿತ್ತಲ್ಲ, ಒಂದೊಂದೇ ಗೊಂಚಲು ಉಜ್ಜಿ ಉಜ್ಜಿ ತೊಳೆದೆ. ಬಿಸಿನೀರಲ್ಲಿ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದವರ ಮಾತು ಅವಳು ಕೇಳಿದ್ದಳು. ಬಿಸಿನೀರಲ್ಲಿ ದ್ರಾಕ್ಷಿ ತೊಳೆಯುವವನನ್ನೇ ಕಟ್ಟಿಕೊಂಡಿದ್ದೇನೆಂದು ಗೊತ್ತಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಅಂದಳು. ಅವನ ಕೈ, ಅವನ ಆಸ್ಪತ್ರೆ, ಅವನನ್ನು ಹೆತ್ತವರು, ಯಾರನ್ನೂ ಬಿಡಲಿಲ್ಲ. ಅವನು ಓಡಿಹೋಗಿ ಅಂಗಡಿಯಿಂದ ಹುದುಗು ಬರಿಸುವ ಯೀಸ್ಟಿನ ಪೊಟ್ಟಣ ತಂದ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಪೊಟ್ಟಣವನ್ನು ಕಿತ್ತುಕೊಂಡು ಗೋಡೆಗೆ ಬಡಿದಳು.

ಆಗ ಅವನು, ಜೀವಮಾನದಲ್ಲಿ ಮೊದಲ ಬಾರಿಗೆ, ದನಿಯೆತ್ತಿದ.

"ದ್ರಾಕ್ಷಿ ಮುಟ್ಬೇಡಿ, ಅದರಷ್ಟಕ್ಕೆ ಬಿಡಿ ಅಂತ ಊರಿಗೆಲ್ಲ ಹೇಳ್ತೀಯ. ನನ್ನನ್ನ ಒಂದು ದಿನ ನನ್ನಷ್ಟಕ್ಕೆ ಬಿಟ್ಟಿದ್ದೀಯೇನೇ? ಯಾಕೆ ತೊಳೆದೆ ಗೊತ್ತಾ? ಕೊಳಕು ಹಾಗೇ ಬಿಟ್ಟ ಅಂತ ನೀನು ಬಯ್ತೀಯ ಅಂತ!"

ಅವಳು ದಡಬಡ ಹಿತ್ತಲಿಗೆ ಹೋಗಿ, ತಡವಾಗಿ ಹಣ್ಣಾಗುತ್ತವೆಂದು ಗೋಡೆಯ ಬಳ್ಳಿಯಲ್ಲಿ ಬಿಟ್ಟಿದ್ದ ಗೊಂಚಲುಗಳನ್ನೆಲ್ಲ ಕೊಯ್ದು ಬುಟ್ಟಿಗೆ ತುಂಬಿದಳು. ಬಿಳಿ ಪುಡಿ ಹಾಗೇ ಇತ್ತು. ಇವನ್ನು ತುಳಿದು ಸುರಿದರೆ ತೊಟ್ಟಿ ಎದ್ದರೂ ಎದ್ದೀತು. ಇವೂ ಹಾಳಾದರೆ ಬೇರೆ ಹಣ್ಣಿಲ್ಲ. ಬುಟ್ಟಿಯನ್ನು ಗಂಡನ ಕೈಗೆ ತುರುಕಿದಳು.

"ತುಳೀರಿ."

ಅವನು ಬುಟ್ಟಿ ಹಿಡಿದು ನೇರ ನಲ್ಲಿಯ ಕಡೆ ನಡೆದ. ಕಿರುಚಲು ಬಾಯಿ ತೆರೆದವಳು ಹಲ್ಲು ಕಚ್ಚಿಕೊಂಡು ನಿಂತಳು. ಅವನು ಬುಟ್ಟಿಯನ್ನು ನೀರು ಸಿಡಿಯದಷ್ಟು ದೂರದಲ್ಲಿಟ್ಟು, ನಲ್ಲಿಯ ಮೇಲೆ ಕೈಯಿಟ್ಟು ಹಿಂತಿರುಗಿ ನೋಡಿದ.

"ಕಾಲು ತೊಳ್ಕೋಬಹುದೇನೇ?"

ಹೆದರಿಕೊಂಡೇ ಕೇಳಿದ್ದ. ತನ್ನ ಕಾಲು ತೊಳೆಯುವುದಕ್ಕೂ ಅಪ್ಪಣೆ ಬೇಕಾಗಿತ್ತು ಈ ಮನುಷ್ಯನಿಗೆ. ಅವಳಿಗೆ ಮತ್ತೆ ಸಿಟ್ಟು ಉಕ್ಕಿತು, ಈ ಸಲ ತನ್ನ ಮೇಲೆಯೇ.

"ನನ್ನನ್ನೇನು ಕೇಳ್ತೀರಿ? ನಿಮ್ಮ ಕಾಲು!" ಎಂದು ಅರಚಿದಳು. ಅರಚಿದವಳು ಅವನನ್ನು ಬುಟ್ಟಿಯ ಜೊತೆ ಅಲ್ಲೇ ಬಿಟ್ಟು, ಹಿಂತಿರುಗಿ ನೋಡದೆ ನಡೆದಳು.