ನಿಂತುಬಿಟ್ಟ ಲಾಳಿ

ಸೋಮನೂರಿನ ಪವರ್‌ಲೂಮ್ ಶೆಡ್ಡಿನಲ್ಲಿ ನನ್ನ ಹೊಸ ಫ್ಲ್ಯಾಶ್ ಮಿಂಚಿತು. ಕ್ಯಾಮೆರಾ ಪರದೆಯಲ್ಲಿ, ಓಡುತ್ತಿದ್ದ ಲಾಳಿ ನೂಲುಗಳ ನಡುವೆ ಕಲ್ಲಿನಂತೆ ನಿಂತಿತ್ತು. ಅದಕ್ಕೆಂದೇ ಕೊಂಡಿದ್ದ ಫ್ಲ್ಯಾಶ್ ಅದು. ಮಗ್ಗ ನಡೆಸುತ್ತಿದ್ದ ರಂಗಮ್ಮನವರಿಗೆ ಹೆಮ್ಮೆಯಿಂದ ತೋರಿಸಿದೆ. ಅವರ ಮನೆಮಾತೂ ನನ್ನಂತೆ ಕನ್ನಡ, ಆದರೆ ತಮಿಳು ಬೆರೆತದ್ದು.

“ಏನ್ ಸಾರ್, ಮಗ್ಗ ನಿಲ್ಸಿಟ್ಟು ನಾನು ಚುಮ್ಮಾ ನಿಂತಂಗೆ ಅದೆ! ಮುದಲಾಳಿ ನೋಡಿದ್ರೆ ಏನು ನೆನಸ್ತಾರೆ?”

ಚಿತ್ರ ಹೋಗುತ್ತಿದ್ದುದು ಆ ಮಾಲೀಕರ ಕ್ಯಾಟಲಾಗಿಗೇ. ಫ್ಲ್ಯಾಶ್ ಆರಿಸಿದೆ. ಕ್ಯಾಮೆರಾವನ್ನು ಟ್ರೈಪಾಡಿಗೇರಿಸಿ, ಕಿಟಕಿಯ ಬೆಳಕಲ್ಲೇ ಶಟರನ್ನು ನಿಧಾನಗೊಳಿಸಿ ಇನ್ನೊಂದು ತೆಗೆದೆ. ಲಾಳಿ ಬರೀ ಬಿಳಿ ಗೆರೆಯಾಯಿತು, ಅವರ ಕೈಗಳೂ ಮಸುಕಾದವು.

“ಹಾಂ, ಈಗ ವೇಲೆ ನಡೀತಾ ಅದೆ” ಎಂದು ಅವರು ತಮ್ಮ ಕೆಲಸಕ್ಕೆ, ಮಗ್ಗದತ್ತ ತಿರುಗಿದರು.

ಈಗ ಕಾರ್ಖಾನೆಗೆ ಹೊರಟರೆ ನಾನು ಮೊದಲು ಎತ್ತಿಕೊಳ್ಳುವುದು ಟ್ರೈಪಾಡನ್ನು. ಮಸುಕಾದ ಚಿತ್ರವನ್ನು ಅಳಿಸುವ ಮುನ್ನ, ಅದರಲ್ಲಿರುವವರಿಗೆ ಒಮ್ಮೆ ತೋರಿಸುತ್ತೇನೆ.