ಸಜ್ಜಾ ಮುಟ್ಟಿದ ಬಟಾಣಿ ಬಳ್ಳಿ

ಅಡುಗೆಮನೆಯ ಕಿಟಕಿಯ ಮೇಲೆ ಸಿಮೆಂಟಿನ ಒಂದು ಸಜ್ಜಾ ಇದೆ. ಅತ್ತೆಯ ಬಟಾಣಿ ಬಳ್ಳಿ ಅದನ್ನು ಮುಟ್ಟುತ್ತಿತ್ತು ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಕಚೇರಿಯಲ್ಲಿ ಹೇಳಿದ್ದೇನೆ, ಬೀಜದ ಅಂಗಡಿಯಲ್ಲಿ ಹೇಳಿದ್ದೇನೆ, ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರ ಸರದಿಗೆ ಕೂತಾಗ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೂ ಹೇಳಿದ್ದೇನೆ. ಹೇಳಿದಷ್ಟೂ ಅದು ಗಟ್ಟಿಯಾಗುತ್ತ ಹೋಯಿತು. ಹಾಗೆ ಗಟ್ಟಿಯಾದದ್ದನ್ನು ಅನುಮಾನಿಸಬೇಕೆಂದು ನನಗೆ ತಿಳಿದಿರಬೇಕಿತ್ತು. ವರ್ಷಗಳ ಹಿಂದೆ ದಿನಚರಿ ಬರೆಯುವ ಚಟ ಹಿಡಿದದ್ದೇ ನೆನಪಿನ ಮೇಲಿನ ಅಂಥ ಅನುಮಾನದಿಂದ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಧಾರವಾಡದ ಕಡೆಯಿಂದ ಬಂದು ಪುಣೆಯ ಖಡಕಿಯಲ್ಲಿ ಗುಮಾಸ್ತೆಯ ನೌಕರಿ ಮಾಡಿದವಳು, ಮದುವೆಯಾಗಲಿಲ್ಲ. ನಾನು ಎಂ.ಎ. ಓದಲು ಪುಣೆಗೆ ಬಂದು ಅವಳ ಮನೆಯಲ್ಲಿ ಇಳಿದೆ. ಎರಡು ವರ್ಷಕ್ಕೆಂದು ಬಂದವಳು ಇಪ್ಪತ್ತೊಂಬತ್ತು ವರ್ಷ ಉಳಿದೆ. ಅವಳು ತೀರಿಕೊಂಡು ಎರಡು ಮಳೆಗಾಲ ಕಳೆದಿವೆ. ಈಗ ಅದೇ ಮನೆಯಲ್ಲಿ ಒಬ್ಬಳೇ ಇದ್ದೇನೆ. ಹಿತ್ತಲು ಎಂದರೆ ಅಡುಗೆಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಇರುವ ಎರಡು ಮೊಳ ಅಗಲದ ಮಣ್ಣಿನ ಪಟ್ಟಿ.

ಕಳೆದ ಅಕ್ಟೋಬರಿನಲ್ಲಿ ಅತ್ತೆಯ ಟ್ರಂಕಿನಲ್ಲಿ ಬಟ್ಟೆಯ ಒಂದು ಚೀಲ ಸಿಕ್ಕಿತು. ಬೂದಿ, ಒಣಗಿದ ಬೇವಿನೆಲೆ, ಅವುಗಳ ನಡುವೆ ಬಟಾಣಿ. ಎಣಿಸಿದೆ. ಹತ್ತೊಂಬತ್ತು ಕಾಳು. ಅವಳು ತನ್ನ ಊರಿನಿಂದ ತಂದು ಪ್ರತಿ ಚಳಿಗಾಲ ಬಿತ್ತುತ್ತಿದ್ದ ಎತ್ತರದ ಬಟಾಣಿಯಲ್ಲಿ ಉಳಿದದ್ದು ಅಷ್ಟೇ. ಧಾರವಾಡದಲ್ಲಿ ಅದನ್ನು ಈಗ ಯಾರೂ ಇಟ್ಟಿಲ್ಲ. ಫೋನು ಮಾಡಿ ವಿಚಾರಿಸಿದ್ದೆ. ಈ ಕಾಳು ಹೋದರೆ ಆ ಬಳ್ಳಿ ಮುಗಿಯಿತು.

ಅಷ್ಟೇ ಆಗಿದ್ದರೆ ಸರಳವಿತ್ತು. ಆ ಚೀಲದಲ್ಲಿದ್ದದ್ದು ಪೂರ್ತಿ ಅವಳ ಬೀಜವಲ್ಲ, ಮತ್ತು ಅದಕ್ಕೆ ಕಾರಣ ನಾನು. ಅವಳ ಕೊನೆಯ ಚಳಿಗಾಲದಲ್ಲಿ ಅಂಗಡಿಯಿಂದ ಗಿಡ್ಡ ತಳಿಯ ಬೀಜ ತಂದು ಅದೇ ಪಟ್ಟಿಯಲ್ಲಿ, ಅವಳ ಬಳ್ಳಿಯ ಪಕ್ಕದಲ್ಲೇ ಹಾಕಿದ್ದೆ. ಕಟ್ಟಿಗೆ ನೆಡಬೇಕಿಲ್ಲ, ದಾರ ಕಟ್ಟಬೇಕಿಲ್ಲ, ಎರಡು ತಿಂಗಳಲ್ಲಿ ಕಾಯಿ. "ಹಾಕು, ನಿನಗ ಅನುಕೂಲ ಆಗ್ತದ" ಎಂದು ಅತ್ತೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ದಿನದ ಪುಟ ತೆಗೆದು ನೋಡಿದರೆ ಎರಡೇ ವಾಕ್ಯ: "ಗಿಡ್ಡ ಬಟಾಣಿ ತಂದೆ. ಅತ್ತೆ ಊಟಕ್ಕೆ ಬರಲಿಲ್ಲ." ಊಟಕ್ಕೆ ಬಾರದಿದ್ದದ್ದು ಬಟಾಣಿಯ ಕಾರಣಕ್ಕೋ, ಹೊಟ್ಟೆನೋವಿನ ಕಾರಣಕ್ಕೋ ಬರೆದಿಲ್ಲ. ಆ ವರ್ಷ ಒಣಗಿದ ಕಾಯಿಯನ್ನೆಲ್ಲ ಒಂದೇ ಮೊರದಲ್ಲಿ ಹಾಕಿ ಸುಲಿದವಳೂ ನಾನೇ.

ಬೀಜ ಇಡುವುದರಲ್ಲಿ ಅತ್ತೆಗೆ ಅವಳದೇ ಒಂದು ಕ್ರಮವಿತ್ತು. ಬಳ್ಳಿಯ ಬುಡದಲ್ಲಿ ಮೊದಲು ಬಲಿಯುವ ದಪ್ಪ ಕಾಯಿಗಳನ್ನು ಮನೆಯಲ್ಲಿ ತಿನ್ನುವಂತಿಲ್ಲ; ತಿಂದರೆ ಬಳ್ಳಿಗೆ ದೃಷ್ಟಿಯಾಗುತ್ತದೆ. ಆ ಮೊದಲ ಹಿಡಿ ಪಕ್ಕದ ಮನೆಗೆ ಹೋಗಬೇಕು. ಆಮೇಲಿನವನ್ನು ನಾವಿಬ್ಬರು ತಿನ್ನುತ್ತಿದ್ದೆವು. ಫೆಬ್ರವರಿಯ ಬಿಸಿಲಿಗೆ ಎಲೆಗಳಿಗೆ ಬೂದಿ ರೋಗ ಹತ್ತಿ, ತುದಿಯಲ್ಲಿ ನಾಲ್ಕು ಸಣಕಲು ಕಾಯಿ ಉಳಿದರೆ ಅವು ಮುಂದಿನ ವರ್ಷದ ಬೀಜ. ನಾನು ಎಂ.ಎ. ಮುಗಿಸಿದ ಹೊಸತರಲ್ಲಿ ಎಲ್ಲವನ್ನೂ ತಿದ್ದುತ್ತಿದ್ದೆ. ಒಳ್ಳೆಯದನ್ನು ಕೊಟ್ಟು ಕೆಟ್ಟದ್ದನ್ನು ಬಿತ್ತಿದರೆ ವರ್ಷದಿಂದ ವರ್ಷಕ್ಕೆ ತಳಿ ಸೊರಗುತ್ತದೆ ಎಂದು ಅವಳಿಗೆ ತಿಳಿಹೇಳಿದೆ.

"ನಾ ತಿನ್ನೂದೂ ಉಳಿದದ್ದು, ಬಿತ್ತೂದೂ ಉಳಿದದ್ದು. ಹಂಗ ನಡದದ," ಎಂದಳು ಅತ್ತೆ.

ಈ ಮಾತು ದಿನಚರಿಯಲ್ಲಿದೆ, ಹಾಗಾಗಿ ನಂಬುತ್ತೇನೆ.

ಬಿತ್ತುವ ಮೊದಲು ಬೀಜದ ಅಂಗಡಿಗೆ ಹೋಗಿದ್ದೆ. ಹತ್ತೊಂಬತ್ತೂ ಹುಟ್ಟದಿದ್ದರೆ ಎಂಬ ಭಯಕ್ಕೆ ಬೇರೆ ಯಾವುದಾದರೂ ಎತ್ತರದ ತಳಿ ಕೈಯಲ್ಲಿರಲಿ ಎಂದು. ಅಂಗಡಿಯವರು ಪೊಟ್ಟಣಗಳನ್ನು ಸಾಲಾಗಿ ಇಟ್ಟರು; ಎಲ್ಲದರ ಮೇಲೂ ಮೊಣಕಾಲೆತ್ತರದ ಗಿಡ. ಎತ್ತರದ್ದನ್ನು ಈಗ ಯಾರೂ ಕೇಳುವುದಿಲ್ಲ ಅಮ್ಮಾ, ಅದಕ್ಕೆ ಕಟ್ಟಿಗೆ ಹುಡುಕುತ್ತ ಕೂರುವವರು ಯಾರು ಎಂದು ಮರಾಠಿಯಲ್ಲಿ ಹೇಳಿದರು. ಗಿಡ್ಡ ಬಟಾಣಿ ಕಾಯಿ ಬಿಡತೊಡಗಿದರೆ ಎರಡು ವಾರದಲ್ಲಿ ಎಲ್ಲವನ್ನೂ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಎತ್ತರದ್ದು ಹತ್ತುತ್ತ ಹತ್ತುತ್ತ ದಿನಕ್ಕೆ ನಾಲ್ಕಾರು ಕಾಯಿಯಂತೆ ತಿಂಗಳಿಗೂ ಮೇಲೆ ಕೊಡುತ್ತದೆ. ಒಬ್ಬಳೇ ಉಣ್ಣುವವಳಿಗೆ ಎತ್ತರದ್ದೇ ಸರಿ ಎಂದು ಹೇಳಬೇಕೆನಿಸಿತು. ಪೊಟ್ಟಣ ಕೊಳ್ಳದೆ ಬಂದೆ.

ಕಟ್ಟಿಗೆಯ ಚಿಂತೆ ಮಾತ್ರ ನಿಜ. ಬಟಾಣಿಯ ಕುಡಿ ನೂಲಿನಷ್ಟು ತೆಳ್ಳಗೆ. ದಪ್ಪ ಬಿದಿರನ್ನು ಅದು ಅಪ್ಪಲಾರದು. ಅದಕ್ಕೆ ಕವಲು ಕವಲಾದ ಒಣ ತೊಗರಿ ಕಟ್ಟಿಗೆ ಬೇಕು. ನಾನು ನೌಕರಿ ಬಿಡುವವರೆಗೆ ಕಚೇರಿಯಲ್ಲಿ ಜೊತೆಗಿದ್ದ ಒಬ್ಬರ ಹೊಲ ದೌಂಡದ ಹತ್ತಿರ ಇದೆ. ಹೋದ ವರ್ಷದ ತೊಗರಿ ಕಟ್ಟಿಗೆಯನ್ನು ಒಲೆಗೆಂದು ಒಟ್ಟಿದ್ದರು. ಒಂದು ಹೊರೆ ಕಟ್ಟಿಸಿಕೊಂಡು ರೈಲಿನಲ್ಲಿ ತಂದೆ. ಬಾಗಿಲ ಹತ್ತಿರ ಕೂತಿದ್ದ ಕಾಯಿಪಲ್ಯ ಮಾರುವ ಹೆಂಗಸು ಕಟ್ಟಿಗೆಯನ್ನೂ ನನ್ನನ್ನೂ ನೋಡಿ, ಒಲೆಗೋ ಗಂಡನಿಗೋ ಎಂದು ಕೇಳಿದಳು. ಬಟಾಣಿಗೆ ಎಂದೆ. ಬಟಾಣಿ ಕಿಲೋ ಲೆಕ್ಕದಲ್ಲಿ ಸಿಗುತ್ತದಲ್ಲ ಎಂದು ತನ್ನ ಬುಟ್ಟಿ ತೋರಿಸಿದಳು. ಪುಣೆ ಬರುವವರೆಗೂ ಮಾತಾಡಿದೆವು. ಆ ವಾರ ಹಾಲಿನವನನ್ನೂ ಕಟ್ಟಿಗೆ ಕೊಟ್ಟವರನ್ನೂ ಬಿಟ್ಟರೆ ನಾನು ಮಾತಾಡಿದ್ದು ಅವಳೊಂದಿಗೆ ಮಾತ್ರ ಎಂದು ದಿನಚರಿಯಲ್ಲಿದೆ. ಏನು ಮಾತಾಡಿದೆವು ಎಂಬುದಿಲ್ಲ.

ಹತ್ತೊಂಬತ್ತರಲ್ಲಿ ಹತ್ತು ಮೊಳೆತವು. ಆರನ್ನು ಇಲಿಗಳೋ ಬಸವನ ಹುಳುಗಳೋ ತಿಂದವು. ಉಳಿದದ್ದು ನಾಲ್ಕು. ಅದರಲ್ಲಿ ಒಂದು ಮೊಣಕಾಲಿಗೆ ನಿಂತುಬಿಟ್ಟಿತು. ನಾನು ತಂದ ಅಂಗಡಿ ತಳಿ ಎಂಬುದರಲ್ಲಿ ಸಂಶಯವಿರಲಿಲ್ಲ. ಡಿಸೆಂಬರಿನಲ್ಲೇ ಅದರ ಕಾಯಿ ಕಿತ್ತು ಅನ್ನದಲ್ಲಿ ಹಾಕಿಕೊಂಡು ತಿಂದೆ. ಮೂರು ಹತ್ತಿದವು. ಬದಿಯ ಎರಡು ಕಿಟಕಿಯ ಮೂರನೇ ಅಡ್ಡ ಸರಳಿನವರೆಗೆ ಬಂದು, ಹಿಡಿಯಲು ಮುಂದೆ ಏನೂ ಸಿಗದೆ ಬಾಗಿ ಕೆಳಗೆ ಜೋತುಬಿದ್ದವು. ನಡುವಿನದು ಮಾತ್ರ ಏರುತ್ತ ಹೋಗಿ ಹೊಸ ವರ್ಷದ ಹೊತ್ತಿಗೆ ಸಜ್ಜಾದ ಅಂಚಿಗೆ ತನ್ನ ಕುಡಿ ಇಟ್ಟಿತು.

ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಅದರ ಕೆಳಗೆ ನಿಲ್ಲುತ್ತಿದ್ದೆ. ಇದೇ ಅತ್ತೆಯದು ಎಂದು ತೀರ್ಮಾನಿಸಿದೆ. ಅದರಲ್ಲಿ ಒಂದು ಕಾಯಿಯನ್ನೂ ಮುಟ್ಟಬಾರದು. ಬುಡದಿಂದ ತುದಿಯವರೆಗೆ ಎಲ್ಲವೂ ಬೀಜಕ್ಕೆ. ಅತ್ತೆ ಮಾಡಿದ ತಪ್ಪನ್ನು ನಾನು ಮಾಡುವುದಿಲ್ಲ. ಬದಿಯ ಎರಡು ಏನೋ ಬೆರಕೆ, ತಿನ್ನಲಿಕ್ಕೆ ಆದಾವು.

ಸಂಕ್ರಾಂತಿಯ ದಿನ ಪಕ್ಕದ ಮನೆಯ ಕಾಕು ಕುಸುರೆಳ್ಳು ತೆಗೆದುಕೊಂಡು ಬಂದರು. ಬೆಳಗಾವಿಯವರು, ಅತ್ತೆಗಿಂತ ಎರಡು ಮೂರು ವರ್ಷ ಚಿಕ್ಕವರು. ಅತ್ತೆ ಹೋದ ಮೇಲೆ ಅವರು ಬರುವುದು ಕಡಿಮೆಯಾಗಿತ್ತು. ನಾನೂ ಹೋಗುತ್ತಿರಲಿಲ್ಲ; ಹೋದರೆ ಏನು ಮಾತಾಡಬೇಕೆಂದು ತೋಚುತ್ತಿರಲಿಲ್ಲ.

"ಕುಸುರೆಳ್ಳು ತಗೊ. ಎಳ್ಳು ಬೆಲ್ಲದಂಗ ಇರೂಣು," ಎಂದು ಕೈಗೆ ಹಾಕಿ, ಸೀದಾ ಹಿತ್ತಲಿಗೆ ನಡೆದರು. "ಏನ್ ತಂಗಿ, ಸಂಕ್ರಾಂತಿ ಬಂತು, ವಟಾಣಿ ಹಿಡಿ ಇನ್ನೂ ಬರಲಿಲ್ಲಲ್ಲ. ಅತ್ತಿ ಹೋದಳಂತ ರೂಢೀನೂ ಹೋತೇನು?"

"ಈ ವರ್ಷ ಗಿಡಾನ ಇಲ್ಲ ಕಾಕು. ಮೂರು ಉಳದಾವ."

"ಮೂರಿದ್ರ ಮೂರು ಕಾಯಿ ಕೊಡು. ನಾ ಏನು ಚೀಲಾ ತಂದೇನೇನು?"

ನಾನು ನಕ್ಕೆ. ಬಹಳ ದಿನಗಳ ಮೇಲೆ ಆ ಹಿತ್ತಲಲ್ಲಿ ಎರಡು ದನಿ. ಬದಿಯ ಬಳ್ಳಿಗಳ ಬುಡದಿಂದ ದಪ್ಪ ದಪ್ಪ ಕಾಯಿ ಕಿತ್ತು ಅವರ ಸೆರಗಿಗೆ ಹಾಕಿದೆ. ಸಡಗರದಲ್ಲಿ ಒಂದು ಹಿಡಿ ಎರಡಾಯಿತು.

"ನಡುವಿಂದು ಯಾಕ ಬಿಟ್ಟಿ?"

"ಅದು ಅತ್ತಿದು. ಬೀಜಕ್ಕ ಇಟ್ಟೇನಿ. ನೋಡ್ರಿ, ಸಜ್ಜಾ ಮುಟ್ಟೇದ. ಅಕಿ ಇದ್ದಾಗ ಮುಟ್ಟತಿತ್ತಲ್ಲ, ಹಂಗ."

ಕಾಕು ತಲೆ ಎತ್ತಿ ಸಜ್ಜಾ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಕಿ ವಟಾಣಿ ಯಾವಾಗ ಸಜ್ಜಾ ಮುಟ್ಟಿತ್ತ? ಸಜ್ಜಾ ಹತ್ತಿದ್ದು ಅವರಿ ಬಳ್ಳಿ. ಕಾಯಿ ಹರೀಲಿಕ್ಕೆ ನಮ್ಮನಿ ಏಣಿ ಒಯ್ದಿದ್ರಿ. ವಾಪಸ್ ಕೊಡಲಿಕ್ಕೆ ಹದಿನೈದು ದಿನಾ ಮಾಡಿದ್ರಿ, ಅದೂ ಮರತಿ."

"ಮತ್ತ ವಟಾಣಿ?"

"ವಟಾಣಿ ಇಲ್ಲೀತನಕ ಬರ್ತಿತ್ತು." ಅವರು ಕೈ ಇಟ್ಟದ್ದು ಮೂರನೇ ಸರಳಿನ ಮೇಲೆ. "ಇಲ್ಲಿಗೆ ಕಟಗಿ ಮುಗೀತಿತ್ತು, ಬಳ್ಳಿ ಕೆಳಗ ಬೀಳ್ತಿತ್ತು. ನಿಮ್ಮ ಅತ್ತಿ ಹಳೇ ಸೀರಿ ಅಂಚು ಹರದು ಎತ್ತಿ ಕಟ್ಟತಿದ್ಲು. ಕೂಸಿನ್ನ ಎತ್ತಿದಂಗ. ಇಲ್ನೋಡು, ಇನ್ನೂ ಅದ."

ಸರಳಿನ ಮೂಲೆಯಲ್ಲಿ ಬಟ್ಟೆಯ ಒಂದು ಗಂಟು ಇತ್ತು. ಹಸಿರೋ ನೀಲಿಯೋ ಹೇಳಲಾಗದಷ್ಟು ಬಿಸಿಲು ತಿಂದಿತ್ತು. ಎರಡು ವರ್ಷದಿಂದ ದಿನಕ್ಕೆ ಮೂರು ಸಲ ಆ ಕಿಟಕಿಯ ಮುಂದೆ ಚಹಾ ಕುದಿಸಿದ್ದೇನೆ. ಏಣಿಯೂ ನೆನಪಾಯಿತು. ಅದರ ಮೇಲೆ ನಿಂತ ಅತ್ತೆ, ಕೆಳಗೆ ಹಿಡಿದುಕೊಂಡ ನಾನು. ಕಾಕು ಹೇಳಿದ್ದರಿಂದ ನೆನಪಾಯಿತೋ, ನೆನಪಿನಲ್ಲಿ ಮೊದಲೇ ಇತ್ತೋ ಗೊತ್ತಿಲ್ಲ.

ಕಾಕುವಿನ ಸೆರಗಿನಲ್ಲಿ ಬದಿಯ ಬಳ್ಳಿಗಳ ಒಳ್ಳೆಯ ಕಾಯಿಗಳೆಲ್ಲ ಇದ್ದವು. ಮೂರನೇ ಸರಳಿಗೆ ಬಂದು ಜೋತುಬಿದ್ದ ಬಳ್ಳಿಗಳವು. ವಾಪಸು ಕೇಳುವಂತಿರಲಿಲ್ಲ, ಕೇಳಿ ಪಡೆದರೂ ಹಸಿ ಕಾಯಿ ಬೀಜವಾಗುವುದಿಲ್ಲ. ಮೊದಲ ಹಿಡಿಯನ್ನು ಪಕ್ಕದ ಮನೆಗೆ ಕೊಟ್ಟು, ಬೀಜಕ್ಕೆ ತುದಿಯ ಸಣಕಲು ಕಾಯಿ ಉಳಿಸಿಕೊಂಡಿದ್ದೆ. ಎಂ.ಎ. ಮಾಡಿದ್ದು ಪ್ರಯೋಜನಕ್ಕೆ ಬಂದಿರಲಿಲ್ಲ.

ಅವರು ಹೋದ ಮೇಲೆ ಈ ಸಲದ ಚಳಿಗಾಲದ ಪುಟಗಳನ್ನು ಮೊದಲಿನಿಂದ ಓದಿದೆ. ಡಿಸೆಂಬರಿನ ಒಂದು ಪುಟದಲ್ಲಿ, ಗ್ಯಾಸ್ ಸಿಲಿಂಡರ್ ಬಂದದ್ದರ ಕೆಳಗೆ, ನನ್ನದೇ ಅಕ್ಷರ: "ನಡುವಿನ ಬಳ್ಳಿಗೆ ಸಜ್ಜಾದ ಕೊಕ್ಕೆಯಿಂದ ದಾರ ಇಳಿಬಿಟ್ಟೆ." ಹಿತ್ತಲಿಗೆ ಹೋಗಿ ಎಲೆ ಸರಿಸಿ ನೋಡಿದೆ. ದಾರ ಇತ್ತು. ಕೊಕ್ಕೆ ಇದ್ದದ್ದು ನಡುವೆ ಮಾತ್ರ, ಹಾಗಾಗಿ ನಡುವಿನದಕ್ಕೆ ಮಾತ್ರ ದಾರ. ಅತ್ತೆಯ ಬಳ್ಳಿ ಎಷ್ಟು ಎತ್ತರ ಎಂದು ಮೊದಲೇ ನಂಬಿ, ಅಷ್ಟು ಎತ್ತರಕ್ಕೆ ದಾರ ಕಟ್ಟಿ, ಕಟ್ಟಿದ್ದನ್ನು ಮರೆತು, ಬಳ್ಳಿ ಅಲ್ಲಿಗೆ ಬಂದಾಗ ಅದನ್ನೇ ಸಾಕ್ಷಿ ಮಾಡಿಕೊಂಡಿದ್ದೆ. ಮೂರೂ ಒಂದೇ ತಳಿಯಿರಬಹುದು. ನಡುವಿನದೇ ಬೇರೆಯಿರಬಹುದು. ತಿಳಿದು ಹೇಳಬಲ್ಲವಳು ಒಬ್ಬಳೇ ಇದ್ದಳು.

ಮರುದಿನ ಕಾಕು ಆ ಬಟಾಣಿಯ ಪಲ್ಯ ಮಾಡಿ ತಮ್ಮ ಸ್ಟೀಲಿನ ಬಟ್ಟಲಲ್ಲಿ ಕಳಿಸಿದರು. ಕಣ್ಣು ಮುಚ್ಚಿ ತಿಂದೆ, ರುಚಿಯಿಂದಲಾದರೂ ಗುರುತು ಸಿಕ್ಕೀತೆಂದು. ಹಸಿಮೆಣಸಿನಕಾಯಿ ಜಾಸ್ತಿಯಾಗಿತ್ತು.

ಆಮೇಲೆ ಒಂದು ಕಾಯಿಯನ್ನೂ ಕೀಳಲಿಲ್ಲ. ಬದಿಯ ಬಳ್ಳಿಗಳನ್ನು ಎತ್ತಿ, ಅತ್ತೆಯ ಒಂದು ಹಳೆಯ ಸೀರೆಯ ಅಂಚು ಹರಿದು ಸರಳಿಗೆ ಕಟ್ಟಿದೆ. ಹಳೆಯ ಗಂಟನ್ನು ಬಿಚ್ಚದೆ ಅದರ ಪಕ್ಕದಲ್ಲಿ ಕಟ್ಟಿದೆ. ಫೆಬ್ರವರಿಯಲ್ಲಿ ಬಿಸಿಲು ಬಂತು, ಎಲೆಗಳ ಮೇಲೆ ಬೂದಿ ಬಂತು. ಮಜ್ಜಿಗೆಯಲ್ಲಿ ನೀರು ಬೆರೆಸಿ ಚಿಮುಕಿಸಿದೆ. ಅದರಿಂದ ಉಪಯೋಗವಾಯಿತೆಂದು ಹೇಳಲಾರೆ. ಆ ತಿಂಗಳ ಬಹಳಷ್ಟು ಪುಟಗಳಲ್ಲಿ ಬಳ್ಳಿಯ ವಿಷಯ ಬಿಟ್ಟರೆ ಏನೂ ಇಲ್ಲ. ಮನೆಗೆ ಯಾರೂ ಬರಲಿಲ್ಲ ಎಂದು ಬರೆಯುವುದನ್ನು ಎಂದೋ ನಿಲ್ಲಿಸಿದ್ದೆ, ದಿನವೂ ಅದೇ ಆಗುತ್ತಿತ್ತು.

ಕಾಯಿಗಳು ಬಳ್ಳಿಯಲ್ಲೇ ಒಣಗಿ ಒಳಗೆ ಕಾಳು ಅಲುಗಾಡುವಂತಾದಾಗ ಬೇರೆ ಬೇರೆಯಾಗಿ ಸುಲಿದೆ. ನಡುವಿನದು ಮೂವತ್ತೊಂದು ಕಾಳು. ಎಡಗಡೆಯದು ಎಂಟು. ಬಲಗಡೆಯದು ಐದು. ಮೂರು ಲಕೋಟೆ ಮಾಡಿ ಮೇಲೆ "ಅತ್ತೆಯ ಬಟಾಣಿ" ಎಂದು ಬರೆಯಲು ಪೆನ್ನು ತೆಗೆದೆ. ಬರೆದದ್ದು ಬೇರೆ: "ದಾರ ಇತ್ತು, ಸಜ್ಜಾದವರೆಗೆ." "ದಾರ ಇರಲಿಲ್ಲ, ಮೂರನೇ ಸರಳು, ಎಡ." "ದಾರ ಇರಲಿಲ್ಲ, ಮೂರನೇ ಸರಳು, ಬಲ." ಬರುವ ಅಕ್ಟೋಬರಿನಲ್ಲಿ ಮೂರಕ್ಕೂ ಒಂದೇ ಅಳತೆಯ ದಾರ ಕಟ್ಟಬೇಕು.

ಕಾಕುವಿನ ಬಟ್ಟಲು ಇನ್ನೂ ನನ್ನಲ್ಲೇ ಇತ್ತು. ನಮ್ಮಲ್ಲಿ ಬಟ್ಟಲನ್ನು ಖಾಲಿ ವಾಪಸು ಮಾಡುವುದಿಲ್ಲ. ಒಂದೇ ಮನೆಯಲ್ಲಿಟ್ಟ ಬೀಜ ಹೇಗೆ ಇಲ್ಲವಾಗುತ್ತದೆಂದು ನೋಡಿಯಾಗಿತ್ತು. ನಡುವಿನದರಿಂದ ಆರು, ಎಡದ್ದರಿಂದ ಮೂರು, ಬಲದ್ದರಿಂದ ಎರಡು ಕಾಳನ್ನು ಬೇರೆ ಬೇರೆ ಚೀಟಿಯಲ್ಲಿ ಕಟ್ಟಿ ಬಟ್ಟಲಲ್ಲಿಟ್ಟು ಪಕ್ಕದ ಮನೆಗೆ ಹೋದೆ. ಬಾಗಿಲು ತಟ್ಟುವ ಮೊದಲು ಸ್ವಲ್ಪ ಹೊತ್ತು ಹೊರಗೆ ನಿಂತಿದ್ದೆ.

ಕಾಕು ಚೀಟಿ ಬಿಚ್ಚಿ ನೋಡಿದರು. "ಇಷ್ಟು ಕುದಿಸಿದ್ರ ಒಂದು ಚಮಚಾನೂ ಆಗೂದಿಲ್ಲ."

"ಕುದಿಸಬ್ಯಾಡ್ರಿ ಕಾಕು. ದಸರಾ ಮುಗಿದ ಮ್ಯಾಲ ಕುಂಡದಾಗ ಹಾಕ್ರಿ. ಕಟಗಿ ನಾ ಕೊಡ್ತೀನಿ."

"ಹಾಕಿದೆ ಅಂತ ತಿಳಿ. ಮೊದಲನೇ ಹಿಡಿ ಯಾರಿಗೆ ಕೊಡ್ಲಿ?"

"ಯಾರಿಗೂ ಬ್ಯಾಡ. ಬಳ್ಳಿಮ್ಯಾಲ ಒಣಗಲಿ, ಅದನ್ನ ಬೀಜಕ್ಕ ಇಡ್ರಿ."

"ಅಯ್ಯ, ಮೊದಲನೇದು ಮನ್ಯಾಗ ಇಟ್ಕೊಳ್ಳೂದೇನು? ನಿಮ್ಮ ಅತ್ತಿ ಇದ್ದಿದ್ರ ನಿನಗ ಬೈತಿದ್ಲು." ಬಟ್ಟಲು ಎತ್ತಿಕೊಂಡು ಒಳಗೆ ಹೊರಟವರು ತಿರುಗಿ ನೋಡಿದರು. "ನಿನಗ ತಂದು ಕೊಡ್ತೀನಿ. ಅದಕ್ಕಾದ್ರೂ ಬಾಗಿಲಾ ತಗೀತಿ."

ನಾನು ಹೂಂ ಎಂದೆ. ಅವರು ಅಡುಗೆಮನೆಗೆ ಹೋದರು. ಡಬ್ಬಿಯ ಮುಚ್ಚಳ ತೆಗೆದು ಹಾಕಿದ ಸಪ್ಪಳ ಕೇಳಿಸಿತು. ಬೀಜದ್ದೋ ಅಡುಗೆಯದೋ, ಯಾವ ಡಬ್ಬಿ ಎಂದು ಕೇಳುವುದಕ್ಕೆ ಬಾಯಿಯವರೆಗೆ ಬಂದಿತ್ತು. ಕೇಳದೆ ಚಪ್ಪಲಿ ಮೆಟ್ಟಿಕೊಂಡೆ.