ಹಲಗೆ ಎತ್ತಿದ ಕೈ

ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಆ ಮನೆಯಲ್ಲಿ ಆರು ಜನರಿದ್ದರು, ಎರಡು ನಾಯಿಗಳಿದ್ದವು, ಗೇಟಿನಲ್ಲಿ ಹಗಲೂ ರಾತ್ರಿ ಕಾವಲಿನವನಿದ್ದ. ಆದರೂ ಬೆಳಗ್ಗೆ ಏಳೂವರೆ ಕಳೆದರೆ ಸೆಲೆಸ್ಟಿನ್ ತಾವ್ರೊ ಅವರೊಡನೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ. ಮಗಳು ಫ್ಲಾವಿಯಾ ಶಾಲೆಯ ಆಫೀಸಿಗೆ, ಅಳಿಯ ಅಂಗಡಿಗೆ, ಮೊಮ್ಮಗ ಮತ್ತು ಅವನ ಹೆಂಡತಿ ಕೆಲಸಕ್ಕೆ, ಮರಿಮಗಳು ಸ್ಕೂಲ್ ಬಸ್ಸಿಗೆ. ಸಂಜೆ ಎಲ್ಲರೂ ವಾಪಸಾದ ಮೇಲೆ ಮನೆ ತುಂಬ ಇಂಗ್ಲಿಷ್ ಓಡಾಡುತ್ತಿತ್ತು. ಕಿವಿ ಮಂದವಾದ ಮುದುಕನಿಗೆ ಅದರಲ್ಲಿ ಅರ್ಧವೂ ಸಿಗುತ್ತಿರಲಿಲ್ಲ. ಯಾರೂ ಅವರನ್ನು ಕಡೆಗಣಿಸಿದ್ದಲ್ಲ. ಹೊತ್ತಿಗೆ ಸರಿಯಾಗಿ ಗಂಜಿ, ಮಾತ್ರೆ, ಮೊಣಕಾಲಿಗೆ ಎಣ್ಣೆ, ಭಾನುವಾರ ಇಗರ್ಜಿ, ಎಲ್ಲವೂ ನಡೆಯುತ್ತಿತ್ತು. ಕೇಳುವವರಿರಲಿಲ್ಲ, ಅಷ್ಟೆ.

2015ರ ಅಕ್ಟೋಬರಿನಲ್ಲಿ ಅವರಿಗೆ ತೊಂಬತ್ತು ತುಂಬಿತು. ಅದೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಮೇಧಾ ಎಂಬ ಹುಡುಗಿ ಮನೆಗೆ ಬಂದಳು. ಬೆಂಗಳೂರಿನವಳು. ಪೇಟೆಯ ಒಂದು ಬ್ಯಾಂಕಿಗೆ ಎರಡು ವರ್ಷದ ಮಟ್ಟಿಗೆ ಬಂದು ಕಿಲಿಮಾನಿಯ ಫ್ಲ್ಯಾಟೊಂದರಲ್ಲಿ ಒಬ್ಬಳೇ ಇದ್ದಳು. ರಾಜ್ಯೋತ್ಸವಕ್ಕೆ ಕನ್ನಡದವರು ತರುವ ಸಂಚಿಕೆಗೆ ಹಳಬರನ್ನು ಮಾತಾಡಿಸಿ ಬರೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು. ಜಗಲಿಯಲ್ಲಿ ಕೂತು ಫೋನಿನ ರೆಕಾರ್ಡರ್ ಒತ್ತಿ, ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದಳು.

"ತಾತ, ನೀವು ಫಸ್ಟ್ ಇಲ್ಲಿಗೆ ಬಂದಿದ್ದು ಯಾವಾಗ?"

"ನಲ್ವತ್ತೆಂಟರಲ್ಲಿ. ಬೊಂಬಾಯಿಯಿಂದ ಮೊಂಬಾಸಾಕ್ಕೆ ಹಡಗು. ಡೆಕ್ಕಿನ ಮೇಲೆ ಮಲಗಿ ಬಂದದ್ದು."

"ಅಷ್ಟು ದೂರ ಸಮುದ್ರದ ಮೇಲೆ... ಭಯ ಆಗ್ಲಿಲ್ವಾ?"

"ಎಂತ ಭಯ ಮಗಾ? ಅದಕ್ಕೆ ಮುಂಚೆ ಯುದ್ಧದ ದೋಣಿಯಲ್ಲಿ ಎರಡು ವರ್ಷ ಇದ್ದವ ನಾನು."

ಆ ಮಾತು ಹೇಗೆ ಬಾಯಿಗೆ ಬಂತೋ ಅವರಿಗೇ ತಿಳಿಯಲಿಲ್ಲ. ಮನೆಯವರಿಗೆಲ್ಲ ಗೊತ್ತಿದ್ದದ್ದು ಇಷ್ಟೇ: ಪಪ್ಪಾ ಹಿಂದೆ ನೇವಿಯಲ್ಲಿದ್ದರು, ಬಿಳಿ ಟೋಪಿಯ ಒಂದು ಫೋಟೋ ಇದೆ. ಮೇಧಾ ಬಿಡಲಿಲ್ಲ. "ಯಾವ ದೋಣಿ ತಾತ?" ಎಂದಳು. ಎಪ್ಪತ್ತು ವರ್ಷ ಯಾರೂ ಕೇಳದ ಪ್ರಶ್ನೆ. ಅದೂ ಕನ್ನಡದಲ್ಲಿ. ಅವರು ಹೇಳತೊಡಗಿದರು.

ಅವರ ಊರು ಗಂಗೊಳ್ಳಿ. ಹೊಳೆಗಳು ಬಂದು ಕಡಲು ಸೇರುವ ಜಾಗ. ತಂದೆ ಹೆಂಚು ಸಾಗಿಸುವ ಮಚ್ವೆ ದೋಣಿಯಲ್ಲಿ ದುಡಿಯುತ್ತಿದ್ದರು. ಹದಿನೆಂಟಕ್ಕೆ ಮಗ ಮಂಗಳೂರಿಗೆ ಹೋಗಿ ನೌಕಾಪಡೆಗೆ ಹೆಸರು ಕೊಟ್ಟ. ದೊಡ್ಡ ಹಡಗು, ದೊಡ್ಡ ತೋಪು ಎಂದು ಕನಸು ಕಂಡವನಿಗೆ ಸಿಕ್ಕಿದ್ದು ಬರ್ಮಾದ ಅರಕಾನ್ ಕರಾವಳಿಯಲ್ಲಿ ಚಪ್ಪಟೆ ತಳದ ಒಂದು ಸೈನಿಕರ ದೋಣಿ. ಅದರ ಮೂತಿಯೇ ಒಂದು ಅಗಲವಾದ ಹಲಗೆ. ದಡ ಮುಟ್ಟಿದ ಕೂಡಲೇ ಹಲಗೆ ಕೆಳಗೆ ಬೀಳಬೇಕು, ಸೈನಿಕರು ಅದರ ಮೇಲೆ ಓಡಿ ಇಳಿಯಬೇಕು. ಆಮೇಲೆ ರಾಟೆ ತಿರುಗಿಸಿ ಹಲಗೆಯನ್ನು ಎತ್ತಿ, ದೋಣಿ ಹಿಂದಕ್ಕೆ ಸರಿಯಬೇಕು. ಆ ರಾಟೆ ಸೆಲೆಸ್ಟಿನ್‌ದು.

"ಅಲ್ಲಿಯ ಹೊಳೆ ನಮ್ಮ ಊರಿನ ಹೊಳೆಯ ಹಾಗೇ" ಎಂದರು. "ನೀರಿನಲ್ಲೇ ಬೇರು ಬಿಟ್ಟ ಅದೇ ಕಾಂಡ್ಲಾ ಗಿಡ, ಅದೇ ಕೆಸರಿನ ವಾಸನೆ, ಅದೇ ಉಬ್ಬರ ಇಳಿತ. ಕಣ್ಣು ಮುಚ್ಚಿದರೆ ಅಮ್ಮ ಕರೆದ ಹಾಗೆ ಆಗ್ತಿತ್ತು. ಕಣ್ಣು ಬಿಟ್ಟರೆ ಒಬ್ಬನೂ ನಮ್ಮವನಲ್ಲ. ದೋಣಿ ನಡೆಸುವ ತಾಂಡೇಲ ರತ್ನಾಗಿರಿಯವ, ಇಂಜಿನಿನವ ಪಂಜಾಬಿ. ನನ್ನ ಭಾಷೆ ಬರುವವ ಆ ಇಡೀ ದೋಣಿಸಾಲಿನಲ್ಲಿ ಇರಲಿಲ್ಲ."

ಸೈನಿಕರನ್ನು ಇಳಿಸುವ ಕೆಲಸ ಇಲ್ಲದ ದಿನಗಳಲ್ಲಿ ಕಾವಲು. ಗಸ್ತಿನ ದೋಣಿಗಳ ಹಿಂದೆ ಹೋಗಿ, ಇಂಜಿನ್ ನಿಲ್ಲಿಸಿ, ಗಿಡಗಳ ಕೆಳಗೆ ಕೂತು ಜಪಾನಿಯರ ಸಣ್ಣ ದೋಣಿಯ ಸದ್ದಿಗೆ ಕಿವಿಗೊಡಬೇಕು. ಕೆಮ್ಮುವಂತಿಲ್ಲ, ಬೀಡಿ ಹಚ್ಚುವಂತಿಲ್ಲ. ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಗಂಟೆಗಟ್ಟಲೆ ಹಾಗೆ ಕೂತು ಕೂತು ಮಾತೇ ಮರೆತುಹೋಗುತ್ತದೇನೋ ಎಂದು ಅವರಿಗೆ ಹೆದರಿಕೆಯಾಗುತ್ತಿತ್ತಂತೆ.

ನಲವತ್ತೈದರ ಆರಂಭದಲ್ಲಿ ಒಂದು ಬೆಳಗ್ಗೆ ಅವರ ದೋಣಿಗೆ ಮೂವತ್ತು ಮಂದಿ ಆಫ್ರಿಕನ್ ಸೈನಿಕರು ಹತ್ತಿದರು. ರಾಟೆಯ ಪಕ್ಕದಲ್ಲಿ ನಿಂತವನು ಸೆಲೆಸ್ಟಿನ್ ಅವರದೇ ವಯಸ್ಸಿನವನು. ಮುಂದಿನ ಹಲ್ಲುಗಳ ನಡುವೆ ಸಂದಿ. ಜೇಬಿನಿಂದ ಹುರಿದ ಕಡಲೆಕಾಯಿ ತೆಗೆದು ಒಂದು ಮುಷ್ಟಿ ಇವರ ಕೈಗೆ ಹಾಕಿದ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಸುಮ್ಮನೆ ತಿಂದರು, ನಕ್ಕರು.

ಹಲಗೆ ಬಿದ್ದಿತು. ಅರ್ಧದಷ್ಟು ಜನ ಕೆಸರಿಗೆ ಇಳಿದಿದ್ದರು, ಅಷ್ಟರಲ್ಲಿ ಗಿಡಗಳ ಹಿಂದಿನಿಂದ ಗುಂಡು ಹಾರತೊಡಗಿತು. ಹಿಂದೆ ಸರಿಯಿರೆಂದು ಅಪ್ಪಣೆ ಬಂತು. ಇಳಿತ ಶುರುವಾಗಿತ್ತು. ಇನ್ನು ಸ್ವಲ್ಪ ಹೊತ್ತು ನಿಂತರೆ ದೋಣಿ ಕೆಸರಿನ ಮೇಲೆ ಕೂತುಬಿಡುತ್ತದೆ, ಒಬ್ಬನೂ ಉಳಿಯುವುದಿಲ್ಲ. ಇಳಿದವರು ತೆವಳಿಕೊಂಡು ವಾಪಸು ಹತ್ತಿದರು. ಒಬ್ಬನಿಗೆ ಆಗಲಿಲ್ಲ. ಸೊಂಟದವರೆಗೆ ಹೂತುಹೋಗಿದ್ದ. ಹಲ್ಲಿನ ಸಂದಿಯವನು.

"ಇಲ್ಲಿಂದ ಆ ಗೇಟಿನಷ್ಟು ದೂರ" ಎಂದು ಸೆಲೆಸ್ಟಿನ್ ಕೈ ತೋರಿಸಿದರು. "ತಾಂಡೇಲ 'ಉಠಾವ್, ಉಠಾವ್' ಅಂತ ಕೂಗ್ತಿದ್ದ. ನಾನು ತಿರುಗಿಸಿದೆ. ಆ ಹುಡುಗ ಎರಡೂ ಕೈ ಎತ್ತಿ ನನ್ನನ್ನೇ ನೋಡಿ ಎಂತದೋ ಕೂಗಿದ. 'ನಿಂಗೋಜೆ! ನಿಂಗೋಜೆ!' ಹಲಗೆ ಮೇಲೆ ಬಂತು. ಮುಖ ಮರೆಯಾಯ್ತು. ಕೂಗು ಮಾತ್ರ ಸ್ವಲ್ಪ ಹೊತ್ತು ಕೇಳ್ತಿತ್ತು."

ಯುದ್ಧ ಮುಗಿದು ಬಿಡುಗಡೆಯಾದ ಮೇಲೆ ಊರಿನಲ್ಲಿ ಕೆಲಸವಿರಲಿಲ್ಲ. ನೈರೋಬಿಯ ರೈಲ್ವೆ ಕಾರ್ಖಾನೆಯಲ್ಲಿದ್ದ ಸೋದರಮಾವ ಕರೆಸಿಕೊಂಡರು. ಬಂದ ಮರುವರ್ಷದ ಮಾತು. ಒಂದು ಮಧ್ಯಾಹ್ನ ಕೂಲಿಗಳನ್ನು ತುಂಬಿಕೊಂಡ ಲಾರಿ ಹೊರಟಿತ್ತು. ಹಿಂದುಳಿದ ಒಬ್ಬ ಊಟದ ಡಬ್ಬಿ ಹಿಡಿದು ಓಡುತ್ತಾ "ನಿಂಗೋಜೆ!" ಎಂದು ಕೂಗಿದ. ಲಾರಿಯಲ್ಲಿದ್ದವರು ನಕ್ಕರು. ಸೆಲೆಸ್ಟಿನ್ ಕೈಯಲ್ಲಿದ್ದ ನಟ್ಟು ಬಿಗಿಸುವ ಪಾನಾ ಕೆಳಗಿಟ್ಟು ಪಕ್ಕದವನನ್ನು ಆ ಸ್ವಾಹಿಲಿ ಮಾತಿನ ಅರ್ಥ ಕೇಳಿದರು.

"ನನಗೋಸ್ಕರ ಕಾಯಿರಿ ಅಂತ" ಎಂದ ಅವನು.

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬಿಸಿಲಿನ ಝಳ ಬಡಿದಿದೆ ಎಂದುಕೊಂಡು ಮೇಸ್ತ್ರಿ ತಲೆಗೆ ನೀರು ಹಾಕಿಸಿದ.

ಇಷ್ಟು ಹೇಳಿ ನಿಲ್ಲಿಸಿದಾಗ ಮೇಧಾ ರೆಕಾರ್ಡರನ್ನು ಯಾವಾಗಲೋ ಆರಿಸಿಯಾಗಿತ್ತು.

"ಇದನ್ನ ಹಾಕೋದು ಬೇಡ ಅಲ್ವಾ, ತಾತ?"

"ಬೇಡ ಮಗಾ. ರೈಲ್ವೆಯದ್ದು ಬರಿ. ಮೀನಿನದ್ದು ಬರಿ."

ಅವಳು ಹಾಗೆಯೇ ಮಾಡಿದಳು. ಸಂಚಿಕೆಯಲ್ಲಿ ಕಾರ್ಖಾನೆಯ ಸೈರನ್, ಮೊಂಬಾಸಾದಿಂದ ರೈಲಿನಲ್ಲಿ ಬರುತ್ತಿದ್ದ ಮೀನು, ಹಳೆಯ ಇಗರ್ಜಿಯ ನಾತಾಳ ಹಬ್ಬ, ಎಲ್ಲ ಬಂತು. ಫ್ಲಾವಿಯಾ ಅದನ್ನು ನಾಲ್ಕು ಜನರಿಗೆ ಕಳಿಸಿ ಸಂತೋಷಪಟ್ಟಳು. ಆದರೆ ಮೇಧಾಳಿಗೆ ಆ ಮಧ್ಯಾಹ್ನ ಮನಸ್ಸಿನಿಂದ ಹೋಗಲಿಲ್ಲ. ಅವಳನ್ನು ದಿನಾ ಬ್ಯಾಂಕಿಗೆ ಬಿಡುತ್ತಿದ್ದ ಟ್ಯಾಕ್ಸಿಯ ಕಿಯೋಕೊ ಒಂದು ದಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮಾತಿನ ನಡುವೆ, ತನ್ನ ತಾತ ಮುಟಿಸೊ ಬರ್ಮಾ ಯುದ್ಧಕ್ಕೆ ಹೋಗಿದ್ದವನು, ಈಗ ಕಣ್ಣು ಕಾಣದೆ ಊರಂಚಿನ ಕಾಯೊಲೆ ಬಡಾವಣೆಯಲ್ಲಿ ತಮ್ಮ ಜೊತೆಯಲ್ಲೇ ಇದ್ದಾನೆ ಎಂದ. ಅವಳು ಆ ಸಂಜೆಯೇ ಲ್ಯಾವಿಂಗ್ಟನ್ನಿಗೆ ಬಂದಳು.

"ಹೋಗೋಣ್ವಾ ತಾತ? ನಿಮಗೆ ಬೇಡ ಅನ್ನಿಸಿದ್ರೆ ಬೇಡ."

ಸೆಲೆಸ್ಟಿನ್ ಎರಡು ವಾರ ಉತ್ತರ ಕೊಡಲಿಲ್ಲ. ಮೂರನೆಯ ವಾರ ಇಸ್ತ್ರಿಯ ಅಂಗಿ ಹಾಕಿಕೊಂಡು ಕಾದು ಕೂತಿದ್ದರು. ಮಗಳಿಗೆ ಹೇಳಿದ್ದು, ಸೇನೆಯ ಕಾಲದ ಒಬ್ಬ ಪರಿಚಯದವರನ್ನು ನೋಡಿಬರುತ್ತೇನೆ ಎಂದು ಮಾತ್ರ.

ಕಾಯೊಲೆಯ ಆ ಮನೆ ನಾಲ್ಕನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಕಿಯೋಕೊ ಅವರನ್ನು ಅರ್ಧ ಹೊತ್ತುಕೊಂಡೇ ಹತ್ತಿಸಿದ. ಕಿಟಕಿಯ ಪಕ್ಕ ಕಂಬಳಿ ಹೊದ್ದು ಕೂತಿದ್ದ ಮುಟಿಸೊ ಕೈ ಚಾಚಿದರು. ಸೆಲೆಸ್ಟಿನ್ ಆ ಕೈ ಹಿಡಿದು, ಸ್ವಾಹಿಲಿಯಲ್ಲಿ, ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದನ್ನು ಹೇಳಿದರು. ತಾನು ಅರಕಾನಿನ ದೋಣಿಯಲ್ಲಿದ್ದವನು. 'ನಿಂಗೋಜೆ' ಎಂದು ಕೂಗುತ್ತಿದ್ದ ಒಬ್ಬನನ್ನು ಕೆಸರಿನಲ್ಲಿ ಬಿಟ್ಟು ಹಲಗೆ ಎತ್ತಿದವನು.

ಮುಟಿಸೊ ಕೈ ಬಿಡಿಸಿಕೊಂಡರು. ಒಳಗೆ ಯಾರೋ ಚಹಾಕ್ಕೆ ಸಕ್ಕರೆ ಕಲಕುವ ಸದ್ದು.

"ಅವನ ಹೆಸರೇನು?" ಎಂದು ಕೊನೆಗೆ ಮುಟಿಸೊ ಅವರ ಕಿವಿಯ ಕಡೆ ಬಾಗಿ ಗಟ್ಟಿಯಾಗಿ ಕೇಳಿದರು.

"ಗೊತ್ತಿಲ್ಲ, ಹಿರಿಯರೇ."

"ಹೆಸರೇ ಗೊತ್ತಿಲ್ಲ. ಮತ್ತೆ ನಾನು ಯಾರ ಪರವಾಗಿ ಏನು ಹೇಳಲಿ? ನಾನು ಪಾದ್ರಿಯೂ ಅಲ್ಲ, ಅವನ ಅಣ್ಣನೂ ಅಲ್ಲ."

ಸೆಲೆಸ್ಟಿನ್ ಎದ್ದುಬಿಡಲು ಕೋಲು ಹುಡುಕಿದರು. ಆಗ ಮುಟಿಸೊ, "ಕೂತುಕೋ. ನಿನಗೆ ಆಗ ನಮ್ಮ ಭಾಷೆ ಬರುತ್ತಿತ್ತೋ?" ಎಂದರು.

"ಇಲ್ಲ. ಒಂದು ಮಾತೂ ಬರುತ್ತಿರಲಿಲ್ಲ."

"ಹಾಗಾದರೆ ಎದುರಿಗೆ ಕೆಸರಿನಲ್ಲಿದ್ದವನು ಕೂಗಿದ್ದು ಒಂದು ನೆನಪಿಟ್ಟುಕೊಂಡೆ. ಬೆನ್ನ ಹಿಂದೆ ಕೂಗಿದ್ದು ಯಾವುದೂ ನಿನಗೆ ಗೊತ್ತಾಗಲಿಲ್ಲ."

"ಏನು ಕೂಗಿದರು?"

"ನಿನ್ನ ದೋಣಿಯಲ್ಲಿ ಏನೆಂದು ನಾನು ಹೇಗೆ ಹೇಳಲಿ? ನಾನಿದ್ದ ದೋಣಿಯಲ್ಲೂ ಹಾಗೇ ಆಯಿತು. ಒಬ್ಬನಲ್ಲ, ಇಬ್ಬರು ಹೊರಗೆ ಉಳಿದರು. ಒಬ್ಬ ನಮ್ಮ ಪಕ್ಕದ ಗುಡ್ಡದವನು. ಅವನ ಮದುವೆಗೆ ಹೋಗಿ ಕುಣಿದಿದ್ದೆ. ಎತ್ತು, ಬೇಗ ಎತ್ತು ಎಂದು ಕೂಗಿದವರು ಒಳಗಿದ್ದ ನಾವೇ. ನಾನೂ ಕೂಗಿದೆ. ರಾಟೆಯವನಿಗಿಂತ ಗಟ್ಟಿಯಾಗಿ ಕೂಗಿದೆ." ಮುಟಿಸೊ ಕಂಬಳಿ ಎಳೆದುಕೊಂಡರು. "ಊರಿಗೆ ಬಂದ ಮೇಲೆ ಅವನ ಹೆಂಡತಿ ಕೇಳಿದಳು. ಗುಂಡು ತಾಗಿ ತಕ್ಷಣ ಹೋದ, ನೋವು ಪಡಲಿಲ್ಲ ಎಂದೆ. ಅವಳು ನನಗೆ ಕೋಳಿ ಕೊಯ್ದು ಊಟ ಹಾಕಿದಳು."

ಚಹಾ ಬಂತು. ಕುಡಿದರು. ಮೇಧಾಳಿಗೆ ಸ್ವಾಹಿಲಿ ಅಷ್ಟಾಗಿ ಬರುತ್ತಿರಲಿಲ್ಲ. ಇಬ್ಬರು ಮುದುಕರು ಮುಖ ಬೇರೆ ಬೇರೆ ಕಡೆ ತಿರುಗಿಸಿಕೊಂಡು ಅಳುತ್ತಿದ್ದದ್ದು ಮಾತ್ರ ಕಂಡಿತು. ಅವಳು ಬಾಲ್ಕನಿಗೆ ಹೋಗಿ ನಿಂತಳು.

ಹೊರಡುವಾಗ ಮುಟಿಸೊ ಕ್ಷಮೆಯ ಮಾತನ್ನೇನೂ ಆಡಲಿಲ್ಲ. "ಮುಂದಿನ ತಿಂಗಳೂ ಬಾ. ಇಲ್ಲಿ ಯಾರಿಗೂ ಆ ಹೊಳೆ ಗೊತ್ತಿಲ್ಲ" ಎಂದರು.

ಅಂದಿನಿಂದ ತಿಂಗಳ ಮೊದಲ ಶನಿವಾರ ಕಿಯೋಕೊನ ಟ್ಯಾಕ್ಸಿ ಲ್ಯಾವಿಂಗ್ಟನ್ನಿನ ಗೇಟಿಗೆ ಬರುತ್ತಿತ್ತು. ಒಬ್ಬರಿಗೆ ಕಿವಿ ಇಲ್ಲ, ಒಬ್ಬರಿಗೆ ಕಣ್ಣಿಲ್ಲ. ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತಿದ್ದರು. ಒಮ್ಮೊಮ್ಮೆ ಮುಟಿಸೊ ಹೊಳೆಯ ಮೊಸಳೆಯ ಬಗ್ಗೆ ಜಗಳ ತೆಗೆಯುತ್ತಿದ್ದರು. ತಾನು ಕಂಡದ್ದು ಇಪ್ಪತ್ತು ಅಡಿಯದ್ದು ಎಂದು ಅವರು, ಅಷ್ಟುದ್ದದ್ದು ಇರಲೇ ಇಲ್ಲ ಎಂದು ಇವರು. ಮನೆಗೆ ಬಂದ ಮೇಲೆ ಸೆಲೆಸ್ಟಿನ್ ಒಬ್ಬರೇ ನಗುತ್ತಿದ್ದರೆ ಮರಿಮಗಳು "ವಾಟ್ಸ್ ಫನಿ, ಗ್ರೇಟ್ ಗ್ರ್ಯಾಂಪಾ?" ಎನ್ನುವಳು. ಅವಳಿಗೆ ಹೇಗೆ ಹೇಳುವುದೋ ತೋಚುತ್ತಿರಲಿಲ್ಲ.

2016ರ ಕೊನೆಗೆ ಮೇಧಾಳನ್ನು ಬ್ಯಾಂಕು ಬೆಂಗಳೂರಿಗೆ ವಾಪಸು ಕರೆಸಿಕೊಂಡಿತು. ಹೊರಡುವ ಮೊದಲು ಕಾಲು ಮುಟ್ಟಿ ನಮಸ್ಕರಿಸಿ, ಪ್ರತಿ ವಾರ ಫೋನ್ ಮಾಡ್ತೀನಿ ತಾತ ಎಂದಳು. ಮಾಡಿದಳು ಕೂಡ. ಆದರೆ ಫೋನಿನಲ್ಲಿ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. "ಹೌದು, ಹೌದು, ದೇವರು ಒಳ್ಳೆಯದು ಮಾಡಲಿ" ಎಂದು ಇಟ್ಟುಬಿಡುತ್ತಿದ್ದರು.

ಮರುವರ್ಷ ಮೇ ತಿಂಗಳ ಮಳೆಯಲ್ಲಿ ಮುಟಿಸೊ ತೀರಿಕೊಂಡರು. ಮಣ್ಣು ಮಾಡಿದ್ದು ಮಚಾಕೋಸ್ ಕಡೆಯ ಅವರ ಹಳ್ಳಿಯಲ್ಲಿ. ಶಾಮಿಯಾನದ ಕೆಳಗೆ ನೂರಾರು ಜನರ ನಡುವೆ ಇಂಡಿಯಾದವರು ಸೆಲೆಸ್ಟಿನ್ ಒಬ್ಬರೇ. ಎರಡು ಮಾತು ಹೇಳಿ ಎಂದು ಮೈಕು ಕೊಟ್ಟರು. ಅವರು ಎದ್ದು ನಿಂತು, "ಇವರು ನನ್ನ ಜೊತೆಯವರು" ಎಂದಷ್ಟೇ ಹೇಳಿ ಕೂತರು.

ಜೂನಿನ ಮೊದಲ ಶನಿವಾರ ಬಂತು. ಅವರು ಇಸ್ತ್ರಿಯ ಅಂಗಿ ಹಾಕಿ, ಶೂಗಳ ಲೇಸು ಕಟ್ಟಿಕೊಂಡು ಜಗಲಿಗೆ ಬಂದ ಮೇಲೆ ನೆನಪಾಯಿತು. ಫ್ಲಾವಿಯಾ ಕಾರಿನ ಬೀಗದ ಕೈ ಹಿಡಿದು ಹೊರಗೆ ಬರುತ್ತಿದ್ದಳು.

"ಎಲ್ಲಿಗೆ ಪಪ್ಪಾ? ಅವರು ಹೋದರಲ್ಲ."

"ಹೌದಲ್ಲ" ಎಂದರು.

ಅವಳು ಅವರ ಮುಖ ನೋಡಿ ಪಕ್ಕದಲ್ಲಿ ಕೂತಳು. "ಅವರು ನಿಮಗೆ ಯಾರು ಪಪ್ಪಾ? ನಾನು ಕೇಳಲೇ ಇಲ್ಲ."

ಅವರು ಹೇಳಿದರು. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿ ಆಡುತ್ತಿದ್ದ ಕೊಂಕಣಿಯಲ್ಲಿ, ಅರ್ಧ ಗಂಟೆ, ಏನನ್ನೂ ಬಿಡದೆ. ಫ್ಲಾವಿಯಾ ಅವರ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಮಮ್ಮಿ ಇದ್ದಾಗ ಅವರಿಗೆ ಗೊತ್ತಿತ್ತಾ?" ಎಂದಳು.

"ಇಲ್ಲ."

"ಐವತ್ತು ವರ್ಷ ಜೊತೆಗಿದ್ದರೂ?"

ಅವಳು ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಬಾಗಿ ತಂದೆಯ ಶೂಗಳ ಲೇಸು ಬಿಚ್ಚಿ, ಚಪ್ಪಲಿ ತಂದಿಟ್ಟು, ಮಾರ್ಕೆಟ್ಟಿಗೆ ಹೋದಳು.